ಹಿಟ್ಟಿನ ಚೀಲದ ಸುಗುಣಾ ಆಂಟಿ

ಇಂಡಿಯನ್ ಅಂಗಡಿಯಲ್ಲಿ ಜೋಳದ ಹಿಟ್ಟು ಕೊಳ್ಳುವ ಮೊದಲು ಚೀಲದ ಬೆನ್ನು ತಟ್ಟಿ ನೋಡುವುದು ಸುಗುಣಾ ಆಂಟಿಯ ಅಭ್ಯಾಸ. ಹುಳ ಬಿದ್ದಿದೆಯೇ ಎಂದು ನೋಡುತ್ತಾರೆಂದು ನಾನು ತಿಳಿದಿದ್ದೆ. “ಹುಳಾ ಅಲ್ಲವಾ, ಪುಸ್ತಕ!” ಎಂದರು ಒಮ್ಮೆ, ಅಂಗಡಿಗೆಲ್ಲ ಕೇಳುವಂತೆ. “ಇಂಥಾ ಚೀಲದಾಗ ನಾಕು ಬೈಬಲ್ ಆರಾಮ ಹಿಡಿತಾವ, ನೋಡು.” ಕೌಂಟರಿನಲ್ಲಿದ್ದ ಗುಜರಾತಿ ಅಂಗಡಿಯವನಿಗೆ ಕನ್ನಡ ಬಾರದು, ಆದರೂ ನಮ್ಮಿಬ್ಬರನ್ನೂ ಸಂಶಯದಿಂದಲೇ ನೋಡಿದ.

ಸಿಡ್ನಿಯ ಕೆಲ್ಲಿವಿಲ್‌ನಲ್ಲಿ ನಮ್ಮದು ಪಕ್ಕಪಕ್ಕದ ಮನೆ. ಆಂಟಿ ಹುಬ್ಬಳ್ಳಿಯ ಹಳೆಯ ಕ್ರೈಸ್ತ ಮನೆತನದವರು. ಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತರಾಗಿ ಮಗಳ ಮನೆಗೆ ಬಂದಿದ್ದರು. ನಾನು ಮೈಸೂರಿನವಳು. ಯುಗಾದಿಗೆ ನಮ್ಮ ಒಬ್ಬಟ್ಟು ಬೇಲಿ ದಾಟಿದರೆ, ಕ್ರಿಸ್‌ಮಸ್‌ಗೆ ಅವರ ಕರ್ಜಿಕಾಯಿ ಈಚೆಗೆ ಬರುತ್ತಿತ್ತು. ರೊಟ್ಟಿ ಬಡಿಯುವುದನ್ನು ಕಲಿಸುತ್ತೇನೆಂದು ಕರೆದವರು ನನಗೆ ಕಲಿಸಿದ್ದು ಇತಿಹಾಸವನ್ನು. ರೊಟ್ಟಿ ಈಗಲೂ ನನ್ನ ಕೈಯಲ್ಲಿ ಹರಿಯುತ್ತದೆ.

“ಆವಾಗ ಇಂಗ್ಲೆಂಡಿನಾಗ ದೇವರ ಮಾತೆಲ್ಲಾ ಲ್ಯಾಟಿನ್ನಿನಾಗ. ಮಂದಿಗೆ ಒಂದಕ್ಷರ ತಿಳೀತಿದ್ದಿಲ್ಲ. ಒಬ್ಬ ಪುಣ್ಯಾತ್ಮ, ನೇಗಿಲಾ ಹೊಡಿಯಾವ್ಗೂ ತಿಳೀಬೇಕು ಅಂತ ಇಂಗ್ಲಿಷಿಗೆ ತಂದ. ಊರಾಗ ಬಿಡಲಿಲ್ಲ. ಹೊರದೇಶದಾಗ ಅಚ್ಚು ಹಾಕಿಸಿ, ಅರಿವಿ ಬಟ್ಟಿ ಗಂಟಿನಾಗ, ಹಿಟ್ಟಿನ ಚೀಲದಾಗ ಮುಚ್ಚಿ ಹಡಗಿನಾಗ ಕಳಿಸಿದ್ರವಾ!”

ಆ ಪುಸ್ತಕವನ್ನು ತಡೆಯಹೊರಟ ಬಿಷಪ್ಪರ ಪ್ರಸಂಗ ಬಂದರೆ ಆಂಟಿಗೆ ನಗು ತಡೆಯುತ್ತಿರಲಿಲ್ಲ. ಸುಡಲೆಂದು ಅವರು ಪ್ರತಿಗಳನ್ನು ರಾಶಿ ರಾಶಿ ಕೊಂಡರಂತೆ. ಆ ರೊಕ್ಕದಲ್ಲೇ ಪುಣ್ಯಾತ್ಮ ತಪ್ಪು ತಿದ್ದಿ ಇನ್ನೊಂದು ಮುದ್ರಣ ಹೊರಡಿಸಿದನಂತೆ. ಕಥೆಯ ಕೊನೆಗೆ ಮಾತ್ರ ರೊಟ್ಟಿ ಬಡಿಯುವ ಕೈ ನಿಲ್ಲುತ್ತಿತ್ತು.

“ಹಿಡಿದು ಕೊಂದ್ರವಾ ಅವನ್ನ. ಸ್ವಲ್ಪ ವರ್ಷಕ್ಕ ಅವರ ರಾಜಾನೇ ಎಲ್ಲಾ ಚರ್ಚಿನಾಗೂ ಇಂಗ್ಲಿಷ್ ಬೈಬಲ್ ಇಡ್ರಿ ಅಂತ ಹುಕುಂ ಮಾಡಿದ. ಅದರಾಗ ಬಹಳಷ್ಟು ಇವನ ಮಾತೇ ಇದ್ದವು. ಭಾಷಾ ಬದಲಾದ್ರ ದೇವರು ಸಿಟ್ಟಾಗಂಗಿಲ್ಲ. ಕುರ್ಚಿ ಮ್ಯಾಲ ಕುಂತಾವ್ರು ಸಿಟ್ಟಾಗ್ತಾರ.”

ಇಷ್ಟೆಲ್ಲ ಹೇಳುವ ಆಂಟಿ ತಾವು ನಡೆಸುತ್ತಿದ್ದ ಕನ್ನಡ ಪ್ರಾರ್ಥನಾ ಕೂಟದಲ್ಲಿ ಮಾತ್ರ ಮಹಾ ಕಟ್ಟುನಿಟ್ಟು. ಅಲ್ಲಿ ಕನ್ನಡ ಬಿಟ್ಟು ಬೇರೆ ಸೊಲ್ಲೆತ್ತುವಂತಿಲ್ಲ. ಒಂದು ಡಿಸೆಂಬರಿನಲ್ಲಿ ಮೊಮ್ಮಗಳು ಆಶಾ, ಕ್ರಿಸ್‌ಮಸ್ ಕೂಟದಲ್ಲಿ ತಾನೂ ಬೈಬಲ್ ಓದುತ್ತೇನೆ, ಆದರೆ ಇಂಗ್ಲಿಷಿನಲ್ಲಿ ಎಂದಳು. ಆಗಿನ್ನೂ ಹೈಸ್ಕೂಲು ಹುಡುಗಿ.

“ಕನ್ನಡ ಕೂಟದಾಗ ಕನ್ನಡಾನೇ ಓದಬೇಕು,” ಎಂದರು ಆಂಟಿ.

“ಅಜ್ಜಿ, ಐ ಡೋಂಟ್ ಅಂಡರ್‌ಸ್ಟ್ಯಾಂಡ್ ಎ ವರ್ಡ್ ಆಫ್ ಇಟ್. ಹಾಗಾದ್ರೆ ಐ ವೋಂಟ್ ಕಮ್.”

ಆಂಟಿ ಜಗ್ಗಲಿಲ್ಲ. ಬೇಲಿಯ ಹತ್ತಿರ ನನ್ನೊಡನೆ ಮಾತ್ರ, “ಇದೊಂದು ತಾಸಾದ್ರೂ ಕೂಸಿನ ಕಿವಿಗೆ ಕನ್ನಡ ಬೀಳಲಿ ಅಂತೀನವಾ. ಅದನ್ನೂ ಬಿಟ್ಟುಕೊಟ್ರ ಏನ್ ಉಳೀತದ?” ಎಂದರು. ಅವರ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿರಲಿಲ್ಲ. ಕನ್ನಡ ಹೋಗಬಾರದು, ಮೊಮ್ಮಗಳೂ ಹೋಗಬಾರದು.

ಕೂಟದ ಬೆಳಿಗ್ಗೆ ನಾನು ಅವರ ಅಡುಗೆಮನೆಯಲ್ಲಿ ಬದನೆಕಾಯಿ ಹೆಚ್ಚುತ್ತಿದ್ದೆ. ಆಂಟಿ ಹಿಟ್ಟಿನ ಡಬ್ಬಿಗೆ ಕೈ ಹಾಕಿದರು. ಕೈಗೆ ಹಿಟ್ಟಿನ ಬದಲು ಪ್ಲಾಸ್ಟಿಕ್ ಕವರು ಬಂತು. ಅದರೊಳಗೆ ಸಂಜೆ ಓದಬೇಕಾದ ಬೈಬಲ್ ಭಾಗವನ್ನು ಇಂಗ್ಲಿಷಿನಲ್ಲಿ ಪ್ರಿಂಟ್ ಮಾಡಿದ ಎರಡು ಹಾಳೆ. ಬಾಗಿಲಲ್ಲಿ ಆಶಾ ಕೈಕಟ್ಟಿ ನಿಂತಿದ್ದಳು.

“ಯು ಟೋಲ್ಡ್ ಮಿ ಹೌ ದೇ ಡಿಡ್ ಇಟ್, ಅಜ್ಜಿ,” ಎಂದಳು.

ಆಂಟಿ ಹಾಳೆಯನ್ನೊಮ್ಮೆ, ಹುಡುಗಿಯನ್ನೊಮ್ಮೆ ನೋಡಿದರು. “ಅಯ್ಯ ದೇವರೇ! ನಾನೇ ಬಿಷಪ್ ಆಗಿ ಕುಂತೀನಲ್ಲವಾ!” ಎಂದವರೇ ಹಿಟ್ಟಿನ ಕೈಯನ್ನು ತಲೆಯ ಮೇಲಿಟ್ಟುಕೊಂಡು ನಕ್ಕರು. ನಗುತ್ತ ಕುರ್ಚಿ ಹುಡುಕಿ ಕೂತರು. ಕಣ್ಣಲ್ಲಿ ನೀರೂ ಇತ್ತು.

ಸಂಜೆ ಆಶಾ ಇಂಗ್ಲಿಷಿನಲ್ಲಿ ಒಂದು ಭಾಗ ಓದಿದಳು, ಆಂಟಿ ಅದನ್ನೇ ಕನ್ನಡದಲ್ಲಿ ಓದಿದರು, ಹೀಗೇ ಕೊನೆಯವರೆಗೂ. “ಇದು ಕನ್ನಡ ಕೂಟ ಅಲ್ವಾ?” ಎಂದು ಹಿರಿಯರೊಬ್ಬರು ಗೊಣಗಿದರು. “ಆವಾಗಿನ ಮಂದೀನೂ ಹಿಂಗೇ ಕೇಳಿದ್ರು. ಕುಂಡ್ರಿ,” ಎಂದರು ಆಂಟಿ. ಆಮೇಲೆ ಪ್ರತಿ ಕ್ರಿಸ್‌ಮಸ್‌ಗೂ ಅಜ್ಜಿ ಮೊಮ್ಮಗಳ ಈ ಜೋಡಿ ಓದು ನಡೆಯಿತು.

ಮುಂದೆ ಆಂಟಿ ಮೆಲ್ಬರ್ನಿನ ಕ್ರೇಗಿಬರ್ನ್‌ನಲ್ಲಿದ್ದ ಮಗನ ಮನೆಗೆ ಹೋದರು. ಈ ಚಳಿಗಾಲದಲ್ಲಿ ತೀರಿಕೊಂಡರು. ನಾನು ವಿಮಾನ ಹತ್ತಿ ಹೋದೆ. ಅಂತ್ಯಕ್ರಿಯೆಯ ಪ್ರಾರ್ಥನೆಯಲ್ಲಿ ಆಶಾ ಇಂಗ್ಲಿಷಿನಲ್ಲಿ ಒಂದು ಭಾಗ ಓದಿ ಸುಮ್ಮನಾದಳು. ಅದು ಅಜ್ಜಿಯ ಸರದಿ. ಎಲ್ಲರೂ ಕಾದರು. ಅವಳು ಇನ್ನೊಂದು ಹಾಳೆಯ ಮಡಿಕೆ ಬಿಚ್ಚಿ ಆ ಭಾಗವನ್ನು ಕನ್ನಡದಲ್ಲಿ, ತಡವರಿಸುತ್ತ, ಪೂರ್ತಿ ಓದಿದಳು. ಬಿಚ್ಚುವಾಗ ಹಾಳೆಯಿಂದ ಅವಳ ಕಪ್ಪು ಬಟ್ಟೆಯ ಮೇಲೆ ಜೋಳದ ಹಿಟ್ಟು ಉದುರಿತ್ತು. ನನಗೆ ಅಳುವಿನ ನಡುವೆಯೇ ನಗು ಉಕ್ಕಿತು.

ಹೊರಗೆ ಬಂದಾಗ ಅವಳು ನನ್ನ ಕೈ ಹಿಡಿದುಕೊಂಡಳು. ಯಾವತ್ತೂ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದ ಹುಡುಗಿ, ಅಜ್ಜಿಯದೇ ಹುಬ್ಬಳ್ಳಿ ಮಾತಿನಲ್ಲಿ ಹೇಳಿದಳು:

“ಈ ಸಲ ಹಿಟ್ಟಿನಾಗಿನ ಹಾಳಿ ಬಿಷಪ್ ಕೈಗೆ ಸಿಗಲಿಲ್ಲ ನೋಡ್ರಿ, ಆಂಟಿ.”