ಟ್ಯಾಬ್ ಸುಮ್ಮನಾದ ಮಧ್ಯಾಹ್ನ

2018ರಲ್ಲಿ ನಾನು ಸ್ಪರ್ಧಾ ಕಾನೂನಿನ ತನಿಖಾಧಿಕಾರಿಯಾಗಿದ್ದೆ. ದೊಡ್ಡ ಕಂಪನಿಗಳು ತಮ್ಮ ಬಲದಿಂದ ಸಣ್ಣವರ ಕತ್ತು ಹಿಸುಕದಂತೆ ನೋಡಿಕೊಳ್ಳುವುದು ಈ ಕಾನೂನಿನ ಕೆಲಸ. ಅದಕ್ಕೂ ಮುಂಚೆ, ಪೀಣ್ಯದ ಕಾರ್ಖಾನೆಗಳವರು ಒಳಗೊಳಗೇ ಮಾತಾಡಿಕೊಂಡು ಬೆಲೆ ಏರಿಸಿದ ಪ್ರಕರಣಗಳನ್ನು ನೋಡಿದ್ದೆ. ಅಲ್ಲಿ ಸಾಕ್ಷಿಯನ್ನು ಹೆದರಿಸಿದವನಿಗೆ ಒಂದು ಹೆಸರು, ಒಂದು ಮುಖ ಇರುತ್ತಿತ್ತು. ಆ್ಯಪ್‌ಗಳ ಪ್ರಕರಣ ಕೈಗೆ ಬಂದಾಗ ಇದೂ ಅಷ್ಟೇ ಅಂದುಕೊಂಡಿದ್ದೆ.

ದೂರು ಇದ್ದದ್ದು ಊಟ ತಲುಪಿಸುವ ಒಂದು ಆ್ಯಪ್ ಮೇಲೆ. ಬೇರೆ ಆ್ಯಪ್‌ಗೂ ಸೇರಿಕೊಂಡ ಹೋಟೆಲುಗಳನ್ನು ಅದು ಪಟ್ಟಿಯ ತಳಕ್ಕೆ ನೂಕುತ್ತದೆ ಎಂಬುದು ಆರೋಪ. ಕಂಪನಿಯವರನ್ನು ಕೇಳಿದರೆ, “ಅದೆಲ್ಲ ಅಲ್ಗಾರಿದಮ್ ಮಾಡೋದು ಸಾರ್, ನಮ್ ಕೈಲಿಲ್ಲ” ಎನ್ನುತ್ತಿದ್ದರು. ಹೋಟೆಲಿನವರೋ ಬಾಯಿ ಬಿಡುತ್ತಿರಲಿಲ್ಲ. ಕೊನೆಗೆ ಒಪ್ಪಿದವರು ಬೊಮ್ಮನಹಳ್ಳಿಯಲ್ಲಿ ಖಾನಾವಳಿ ನಡೆಸುತ್ತಿದ್ದ, ಬಾಗಲಕೋಟೆ ಕಡೆಯ ಶಾಂತವ್ವ ಒಬ್ಬರೇ. ಅವರ ಹೇಳಿಕೆಯಿಲ್ಲದೆ ನನ್ನ ಕೇಸು ನಿಲ್ಲುತ್ತಿರಲಿಲ್ಲ. ಅವರಿಗಾದರೆ ಆ ಆ್ಯಪೇ ಅನ್ನ; ರೊಟ್ಟಿ ಬಡಿಯುವ ಹೆಂಗಸರ ಸಂಬಳವೂ ಅದರಿಂದಲೇ ಬರಬೇಕಿತ್ತು.

ಮಧ್ಯಾಹ್ನ ಊಟದ ಹೊತ್ತಿಗೇ ಬನ್ನಿ, ಗಿರಾಕಿ ಅಂದುಕೊಳ್ಳುತ್ತಾರೆ ಎಂದು ಅವರೇ ಹೇಳಿದ್ದರು. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿದ್ದ ಟ್ಯಾಬ್ ಆರ್ಡರ್ ಬಂದಾಗಲೆಲ್ಲ ಗಂಟೆ ಹೊಡೆಯುತ್ತಿತ್ತು. ಅವರು ಹೇಳುತ್ತಾ ಹೋದರು, ನಾನು ಬರೆದುಕೊಂಡೆ. ಓದಿ ಹೇಳಿ, ಸಹಿಗೆಂದು ಪೆನ್ನು ಕೊಟ್ಟ ಹೊತ್ತಿಗೆ ಶಾಂತವ್ವ ತಲೆಯೆತ್ತಿದರು.

“ಸಾಹೇಬ್ರ, ಗಂಟಿ ಬಡೀವಲ್ದು.”

ನಿಜ, ಟ್ಯಾಬ್ ಸುಮ್ಮನಾಗಿತ್ತು. ನನ್ನ ಫೋನಿನಲ್ಲಿ ಆ್ಯಪ್ ತೆರೆದು ನೋಡಿದೆ. ಖಾನಾವಳಿಯ ಹೆಸರಿನ ಕೆಳಗೆ ‘ಸದ್ಯ ಆರ್ಡರ್ ಪಡೆಯುತ್ತಿಲ್ಲ’ ಎಂದಿತ್ತು. ನಾನು ಇಲ್ಲಿಗೆ ಬರುವುದು ನಮ್ಮ ಆಫೀಸಿನಲ್ಲಿ ಇಬ್ಬರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಡೆಲಿವರಿಯವನನ್ನೂ ಅನುಮಾನದಿಂದ ನೋಡಿದೆ. ನಾನಿರುವ ಜಾಗವನ್ನು ನನ್ನ ಫೋನೇ ಹೇಳಿಬಿಟ್ಟಿತೇನೋ ಎನಿಸಿ ಅದನ್ನು ಆಫ್ ಮಾಡಿದೆ.

“ಅವ್ರಿಗೆ ಗೊತ್ತಾಗೇತ್ರಿ,” ಎಂದು ಶಾಂತವ್ವ ಪಿಸುಗುಟ್ಟಿದರು. ಒಳಗೆ ರೊಟ್ಟಿ ಬಡಿಯುವ ಸದ್ದೂ ನಿಂತಿತು. ಶಾಂತವ್ವ ಪೆನ್ನು ಕೆಳಗಿಟ್ಟು, ಹಾಳೆಯನ್ನು ನನ್ನ ಕಡೆ ಸರಿಸಿದರು.

ಅಷ್ಟರಲ್ಲಿ ಕೇಬಲ್‌ನವನೊಬ್ಬ ಬಾಗಿಲಲ್ಲಿ ಬೈಕ್ ನಿಲ್ಲಿಸಿದ. “ಅಕ್ಕಾ, ರೋಡ್ ಅಗಿಯೋರು ನೆಟ್ ವೈರ್ ಕಟ್ ಮಾಡ್ಬಿಟ್ಟಿದ್ರು. ಈಗ ಸರಿಹೋಯ್ತಾ ನೋಡಿ.” ಅವನ ಮಾತು ಮುಗಿಯುವ ಮೊದಲೇ ಟ್ಯಾಬ್ ಗಂಟೆ ಹೊಡೆಯಿತು. ಹಿಂದೆಯೇ ಮತ್ತೊಂದು. ಟ್ಯಾಬ್‌ಗೆ ನೆಟ್ ಸಿಗದಿದ್ದಕ್ಕೇ ಆ್ಯಪ್ ಹಾಗೆ ತೋರಿಸಿತ್ತು.

ಹೋದ ಜೀವ ಬಂದಂತಾಗಿ ಜೋರಾಗಿ ನಕ್ಕುಬಿಟ್ಟೆ. ಹಾಳೆಯನ್ನು ಮತ್ತೆ ಅವರ ಮುಂದಿಟ್ಟೆ. ಶಾಂತವ್ವ ನಗಲಿಲ್ಲ.

“ಬ್ಯಾಡ್ರಿ ಸಾಹೇಬ್ರ. ಇವತ್ತ ವೈರ್ ಕಟ್ಟಾಗಿತ್ತು. ನಾಳೆ ಅವ್ರ ಬಂದ್ ಮಾಡಿದ್ರೂ ಹಿಂಗ ಇರ್ತೈತಲ್ರಿ?”

ಸಮನ್ಸ್ ಕೊಟ್ಟು ಕರೆಸುವ ಅಧಿಕಾರ ನನಗಿತ್ತು. ಆ ಮುಖ ನೋಡಿದ ಮೇಲೆ ಮನಸ್ಸಾಗಲಿಲ್ಲ. ಸಹಿಯಿಲ್ಲದ ಹಾಳೆ ಹಿಡಿದು ವಾಪಸು ಬಂದೆ.

ಯಾರನ್ನೂ ಲೆಕ್ಕಿಸದೆ ಮಾರುಕಟ್ಟೆಯಲ್ಲಿ ತನ್ನಿಷ್ಟದಂತೆ ನಡೆಯುವ ಬಲಕ್ಕೆ ಕಾನೂನು ಡಾಮಿನೆನ್ಸ್ ಎನ್ನುತ್ತದೆ. ವ್ಯಾಪಾರದಲ್ಲಿ ಯಾರ ಪಾಲೆಷ್ಟು ಎಂದು ನೋಡಿ ನಾವು ಅದನ್ನು ಅಳೆಯುತ್ತಿದ್ದೆವು. ನಾನು ಅದನ್ನು ಕಣ್ಣಾರೆ ಕಂಡದ್ದು ಅವತ್ತು, ಒಂದು ವೈರ್ ತುಂಡಾದಾಗ. ಅಂದಿನಿಂದ ಸಾಕ್ಷಿಗಳನ್ನು ‘ಯಾರು ಹೆದರಿಸಿದರು?’ ಎಂದು ಕೇಳುವುದನ್ನು ಬಿಟ್ಟೆ. ಶಾಂತವ್ವನನ್ನು ಯಾರೂ ಹೆದರಿಸಿರಲಿಲ್ಲ. ಅವರ ಹೆದರಿಕೆಯನ್ನು ಯಾವ ಸೆಕ್ಷನ್ ಅಡಿ ಬರೆಯಬೇಕೆಂದು ನಿವೃತ್ತನಾಗುವವರೆಗೂ ನನಗೆ ತಿಳಿಯಲಿಲ್ಲ.