ಶಾಂತಣ್ಣ ಜೋಡಿಸಿದ ಕಂಪ್ಯೂಟರ್

ಗೋಣಿಬೀಡಿನ ಶಾಂತವೀರಪ್ಪನವರು ಮುಟ್ಟಿದ್ದೆಲ್ಲ ಸ್ಟಾರ್ಟ್ ಆಗುತ್ತದೆ ಎಂದು ಸುತ್ತಿನ ತೋಟಗಳಲ್ಲಿ ಮಾತಿತ್ತು. ಬಾಳೂರಿನ ಏರಿನಲ್ಲಿ ಕೈಕೊಟ್ಟ ಜೀಪಿರಲಿ, ಕೆರೆ ದಂಡೆಯಲ್ಲಿ ಮುನಿಸಿಕೊಂಡು ಕೂತ ಪಂಪ್‌ಸೆಟ್ಟಿರಲಿ, ಜನಕ್ಕೆ ಮೊದಲು ನೆನಪಾಗುತ್ತಿದ್ದುದು ಅವರ ಗ್ಯಾರೇಜು. ಯಾರಾದರೂ ಹೊಗಳಿದರೆ "ಎಂತದ್ದೂ ಇಲ್ಲ ಮಾರಾಯ, ಸಣ್ಣ ಕೆಲಸ" ಎನ್ನುತ್ತಿದ್ದರು. ಆದರೆ ಅಂಥ ದಿನ ಮಧ್ಯಾಹ್ನ ಅವರು ಎರಡು ತುತ್ತು ಹೆಚ್ಚಿಗೆ ಉಣ್ಣುತ್ತಿದ್ದುದು ಹೆಂಡತಿ ವಿಮಲಮ್ಮನಿಗೆ ಮಾತ್ರ ಗೊತ್ತು.

ಅವರ ಸೊಸೆ ರೂಪಶ್ರೀಗೆ ಮೂಡಿಗೆರೆಯ ಒಂದು ಫೋಟೋ ಸ್ಟುಡಿಯೋದವರು ಮದುವೆ ಆಲ್ಬಮ್ ಮಾಡಿಕೊಡುವ ಕೆಲಸ ಒಪ್ಪಿಸಿದ್ದರು. ಮನೆಯಲ್ಲೇ ಕೂತು ಮಾಡುವ ಕೆಲಸ, ಆದರೆ ಒಳ್ಳೆಯ ಕಂಪ್ಯೂಟರ್ ಬೇಕು. ಮೂಡಿಗೆರೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ನಿಯಾಜ್ ಹತ್ತಿರ ಅವಳು ಒಂದೊಂದೇ ಭಾಗ ಆರಿಸಿ ತರಿಸಿದಳು. "ನಾನೇ ಜೋಡಿಸಿ ಕೊಡ್ತೀನಿ ಅಕ್ಕ" ಎಂದ ನಿಯಾಜ್. ಈ ಮಾತು ಮಾವನ ಕಿವಿಗೆ ಬಿದ್ದದ್ದೇ ತಪ್ಪಾಯಿತು.

"ಅವನ ಅಪ್ಪನ ಜೀಪಿನ ಗೇರ್‌ಬಾಕ್ಸ್ ಬಿಚ್ಚಿ ಜೋಡಿಸಿದವನು ನಾನು. ಇದೊಂದು ಡಬ್ಬಿಗೆ ಅವನು ಬರ್ಬೇಕಾ?" ಎಂದು ಶಾಂತವೀರಪ್ಪ ಸ್ಪ್ಯಾನರ್ ಪೆಟ್ಟಿಗೆಯನ್ನೇ ಮನೆಗೆ ತಂದರು.

ಜೋಡಿಸುವಾಗ ಅವರಿಗೆ ಒಂದು ವಿಷಯ ಸರಿ ಕಾಣಲಿಲ್ಲ. ಮದರ್‌ಬೋರ್ಡಿನ ಕೆಳಗೆ ಕೂರಿಸಲು ಹಿತ್ತಾಳೆಯ ಸಣ್ಣ ಕಾಲುಗಳನ್ನು ಕೊಟ್ಟಿದ್ದರು. ಅವನ್ನು ಹಾಕಿದರೆ ಬೋರ್ಡು ಡಬ್ಬಿಯ ತಗಡಿನಿಂದ ಮೇಲೆ, ಗಾಳಿಯಲ್ಲಿ ನಿಂತ ಹಾಗೆ ಕಾಣುತ್ತದೆ. ನಮ್ಮ ಘಟ್ಟದ ರಸ್ತೆಯ ಮೆಕ್ಯಾನಿಕ್ಕಿಗೆ ಸಂದು ಎಂದರೆ ಶತ್ರು. ಸಂದು ಇದ್ದಲ್ಲಿ ಅಲುಗಾಟ, ಅಲುಗಾಟ ಇದ್ದಲ್ಲಿ ಮುರಿತ. ಜೀಪಿನಲ್ಲಂತೂ ಬಾಡಿಯೇ ಕರೆಂಟಿನ ಅರ್ಥಿಂಗ್, ಎಲ್ಲವೂ ಬಾಡಿಗೆ ಕಚ್ಚಿಕೊಂಡಿದ್ದಷ್ಟೂ ಒಳ್ಳೆಯದು. ಕಂಪ್ಯೂಟರ್ ಮೇಜು ಬಿಟ್ಟು ಚಾರ್ಮಾಡಿ ಘಾಟಿ ಇಳಿಯುವುದಿಲ್ಲ ಎಂದು ಅವರಿಗೆ ಹೇಳುವವರು ಯಾರು? ಹಿತ್ತಾಳೆ ಕಾಲುಗಳನ್ನು ಪಕ್ಕಕ್ಕೆ ಸರಿಸಿ ಬೋರ್ಡನ್ನು ನೇರವಾಗಿ ತಗಡಿಗೇ ಬಿಗಿದರು. ಹಿಂದುಗಡೆ ವೈರು ಚುಚ್ಚುವ ಜಾಗ ಕಿಂಡಿಗೆ ಸರಿಹೊಂದಲಿಲ್ಲ. ಅರ ತಂದು ಕಿಂಡಿಯನ್ನೇ ಉಜ್ಜಿ ದೊಡ್ಡದು ಮಾಡಿದರು.

"ಮಾವ, ವಿಡಿಯೋದಲ್ಲಿ ಆ ಕಾಲು ಹಾಕಿದ್ದು ನೋಡಿದ್ದೆ" ಎಂದಳು ರೂಪಶ್ರೀ ಮೆಲ್ಲಗೆ.

"ವಿಡಿಯೋ ನೋಡಿ ಗಾಡಿ ಕಟ್ಟಿದವರು ಯಾರಿದ್ದಾರೆ ಹೇಳು?" ಎಂದರು.

ಹೊಸ ಗಾಡಿಗೆ ಮಾಡುವ ಹಾಗೇ ಪೂಜೆಯೂ ಆಯಿತು. ಡಬ್ಬಿಗೆ ವಿಭೂತಿ ಹಚ್ಚಿ, ಮೇಲೊಂದು ಸೇವಂತಿಗೆ ಇಟ್ಟರು. ವಿಮಲಮ್ಮ ಸಜ್ಜಿಗೆ ಮಾಡಿದ್ದರು. ಅಕ್ಕಪಕ್ಕದವರು ಬಂದರು. ಜೀಪನ್ನು ಗ್ಯಾರೇಜಿಗೆ ಬಿಟ್ಟಿದ್ದ ಬಾಳೂರಿನ ಪ್ಲಾಂಟರ್ ಕೃಷ್ಣಪ್ಪನವರನ್ನೂ ಶಾಂತವೀರಪ್ಪನವರೇ ಒತ್ತಾಯ ಮಾಡಿ ಕರೆತಂದರು. ಎಲ್ಲರ ಎದುರಿಗೆ ಬಟನ್ ಒತ್ತಿದರು. ಒಳಗಿನ ಫ್ಯಾನು ಒಮ್ಮೆ ಕಾಲು ಸುತ್ತು ಅಲ್ಲಾಡಿ ನಿಂತಿತು. ಮತ್ತೆ ಒತ್ತಿದರೆ ಅದೂ ಇಲ್ಲ.

ಟೆಸ್ಟರ್ ಹಿಡಿದು ಪ್ಲಗ್ ನೋಡಿದರು, ಕರೆಂಟು ಇತ್ತು. ಅದೇ ಪ್ಲಗ್ಗಿಗೆ ಟೇಬಲ್ ಲ್ಯಾಂಪ್ ಹಾಕಿದರು, ಉರಿಯಿತು. ಪವರ್ ಸಪ್ಲೈನ ಹಿಂದಿನ ಸ್ವಿಚ್ಚು ನೋಡಿದರು, ಆನ್ ಇತ್ತು. ವೈರುಗಳನ್ನೆಲ್ಲ ಕಿತ್ತು ಮತ್ತೆ ಚುಚ್ಚಿದರು. ಸಜ್ಜಿಗೆ ತಟ್ಟೆ ಹಿಡಿದ ಜನ ಅವರ ಬೆನ್ನನ್ನೇ ನೋಡುತ್ತಿದ್ದರು. ಬೆವರು ಕಿವಿಯ ಹಿಂದೆ ಇಳಿಯಿತು. ಯಾರೋ ಸಣ್ಣಗೆ ನಕ್ಕಂತಾಯಿತು. ನಕ್ಕಿದ್ದರೋ ಇಲ್ಲವೋ, ಶಾಂತವೀರಪ್ಪನವರಿಗಂತೂ ಕೇಳಿಸಿತು.

ಅವರು ಸ್ಕ್ರೂಡ್ರೈವರ್ ಕೆಳಗಿಟ್ಟು ತಿರುಗಿದರು. "ಜೋಡಿಸಿದ್ರಲ್ಲಿ ಎಂತ ತಪ್ಪೂ ಇಲ್ಲ. ಮಾಲೇ ಸತ್ತಿದೆ. ಆ ನಿಯಾಜ್ ಹಳೇ ಬೋರ್ಡು ಒರೆಸಿ ಕೊಟ್ಟಿದ್ದಾನೆ."

ಯೋಚಿಸಿ ಹೇಳಿದ ಮಾತಲ್ಲ. ಮಾನ ಉಳಿಸಿಕೊಳ್ಳಲು ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡಿದ್ದರು ಅಷ್ಟೇ. ಆದರೆ ಹೇಳಿದವರು ಶಾಂತಣ್ಣ, ಆದ್ದರಿಂದ ಎಲ್ಲರೂ ನಂಬಿದರು. "ಹೇಳಿದ್ದು ಒಳ್ಳೇದಾಯ್ತು ನೀವು" ಎಂದರು ಕೃಷ್ಣಪ್ಪ. "ಕಾಫಿ ಕಣಕ್ಕೆ ಕ್ಯಾಮೆರಾ ಹಾಕಕ್ಕೆ ಅವನಿಗೇ ಒಪ್ಸಿದ್ದೆ. ಬೇಡ ಅಂತೀನಿ." ಅಲ್ಲೇ ಫೋನ್ ಮಾಡಿ ಬೇಡವೆಂದೂ ಹೇಳಿಬಿಟ್ಟರು. ಶಾಂತವೀರಪ್ಪ ತಡೆಯಲಿಲ್ಲ.

ಮರುದಿನ ಊಟಕ್ಕೆಂದು ಗ್ಯಾರೇಜಿನಿಂದ ಹಿತ್ತಿಲ ಬಾಗಿಲಿಗೆ ಬಂದಾಗ ಒಳಗೆ ನಿಯಾಜ್ ದನಿ ಕೇಳಿಸಿತು; ಸೊಸೆ ಅವನನ್ನು ಕರೆಸಿದ್ದಳು. ಕಿಟಕಿಯಲ್ಲಿ ನೋಡಿದರು. ಅವನು ಮದರ್‌ಬೋರ್ಡನ್ನು ಬಿಚ್ಚಿ ರಟ್ಟಿನ ಮೇಲೆ ಮಲಗಿಸಿದ್ದ. ಅದರ ಫ್ಯಾನು ಗಿರ್ರೆಂದು ತಿರುಗುತ್ತಿತ್ತು.

"ಬೋರ್ಡು ಚೆನ್ನಾಗೇ ಇದೆ ಅಕ್ಕ. ತಗಡಿಗೆ ತಾಗಿ ಶಾರ್ಟ್ ಆಗ್ತಿತ್ತು. ಪುಣ್ಯಕ್ಕೆ ಸುಟ್ಟಿಲ್ಲ" ಎನ್ನುತ್ತಿದ್ದ ನಿಯಾಜ್.

"ನಿನ್ನೆ ಎಲ್ಲರೆದುರು ನಿಮ್ಮ ಮೇಲೆ ಹಾಕ್ಬಿಟ್ರು" ಎಂದಳು ರೂಪಶ್ರೀ.

"ಇರಲಿ ಬಿಡಿ. ಬೋರ್ಡು ಬದಲಾಯಿಸಿದೆ ಅಂತ ನಾನೇ ಹೇಳ್ತೀನಿ. ನಮ್ಮಪ್ಪಂಗೆ ಹುಷಾರಿಲ್ಲದಾಗ ಸುರಿಯೋ ಮಳೇಲಿ ಜೀಪು ರೆಡಿ ಮಾಡಿಕೊಟ್ಟವರು ಅವರು. ಅವರಿಗೆ ಗೊತ್ತಾಗೋದು ಬೇಡ."

ಕರೆಂಟಿನ ವಿಷಯ ಗೊತ್ತಿಲ್ಲದವರಲ್ಲ ಶಾಂತವೀರಪ್ಪ. 'ತಗಡಿಗೆ ತಾಗಿ' ಎಂಬ ಮಾತು ಕೇಳಿದ ಕೂಡಲೇ ಅವರಿಗೆ ಎಲ್ಲವೂ ತಿಳಿಯಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹಿಂದಕ್ಕೆ ಸರಿದು, ಈಗಷ್ಟೇ ಬಂದವರಂತೆ ಜೋರಾಗಿ ಕೆಮ್ಮಿ, ಚೊಂಬಿನಿಂದ ದಬದಬ ನೀರು ಸುರಿದುಕೊಂಡು ಕೈಕಾಲು ತೊಳೆದರು. ಒಳಗೆ ಹೋದಾಗ ನಿಯಾಜ್ ಎದ್ದು ನಿಂತ.

"ನೀವು ಹೇಳಿದ್ದೇ ಸರಿ ಶಾಂತಣ್ಣ. ಬೋರ್ಡಲ್ಲೇ ದೋಷ ಇತ್ತು. ಬೇರೆ ಹಾಕಿದೀನಿ. ತಪ್ಪಾಯ್ತು."

ಅವನು ತಂದಿದ್ದ ಹೊಸ ಬೋರ್ಡಿನ ಪೆಟ್ಟಿಗೆ ಕುರ್ಚಿಯ ಮೇಲಿತ್ತು. ಅದರ ಸೀಲು ಕೂಡ ಒಡೆದಿರಲಿಲ್ಲ. ಅದನ್ನು ನೋಡಿಯೂ ಶಾಂತವೀರಪ್ಪ "ಹೂಂ" ಎಂದರು. ಸೊಸೆ ತಲೆ ಎತ್ತದೆ ಅಡುಗೆಮನೆಗೆ ಹೋದಳು.

ನಿನ್ನೆಯ ಮಾತನ್ನಾದರೂ ಗೊತ್ತಿಲ್ಲದೆ ಆಡಿದ್ದು ಎನ್ನಬಹುದಿತ್ತು. ಈ 'ಹೂಂ' ಗೊತ್ತಿದ್ದೇ ಅಂದದ್ದು. ಅಂದು ಅವರು ತಟ್ಟೆಯಲ್ಲಿ ಅರ್ಧ ಅನ್ನ ಬಿಟ್ಟು ಎದ್ದರು. ಸಂಜೆ ಕಂಪ್ಯೂಟರಿನಲ್ಲಿ ಯಾರದೋ ಮದುವೆಯ ಫೋಟೋಗಳು ಬೆಳಗುತ್ತಿದ್ದರೆ ಆ ಕೋಣೆಯ ಕಡೆ ಹೋಗಲೂ ನಾಚಿಕೆಯಾಯಿತು. ಸೊಸೆ ಎಂದಿನಂತೆ "ಮಾವ, ಕಾಫಿ" ಎಂದು ಲೋಟ ಕೊಟ್ಟಳು. ಅವಳು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅದಾದ ಮೇಲೆ ಒಂದು ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕೃಷ್ಣಪ್ಪ ಸಿಕ್ಕಿದರು. ಸಜ್ಜಿಗೆ ತಿಂದವರಲ್ಲಿ ಹೆಚ್ಚಿನವರು ಅಲ್ಲೇ ಇದ್ದರು. "ನಿಯಾಜ್ ತಪ್ಪು ಒಪ್ಕೊಂಡನಂತಲ್ಲ" ಎಂದು ಕೃಷ್ಣಪ್ಪ ಎಲ್ಲರಿಗೂ ಕೇಳುವಂತೆ ಹೇಳಿದರು. "ಶಾಂತಣ್ಣನ ಕಣ್ಣು ಅಂದ್ರೆ ಕಣ್ಣು. ನಮ್ಮ ಪಕ್ಕದ ಎಸ್ಟೇಟಿನವರಿಗೂ ಹೇಳಿದೀನಿ, ಆ ಅಂಗಡಿಗೆ ಹೋಗ್ಬೇಡಿ ಅಂತ."

ಶಾಂತವೀರಪ್ಪ ಲೋಟ ಕೆಳಗಿಟ್ಟರು. "ಅವನದು ಎಂತದ್ದೂ ತಪ್ಪಿಲ್ಲ. ನಾನು ಜೋಡಿಸಿದ್ದೇ ತಪ್ಪು."

ಕೃಷ್ಣಪ್ಪ ನಕ್ಕು ಅವರ ಭುಜ ತಟ್ಟಿದರು. "ನೋಡಿ, ಎಂಥ ದೊಡ್ಡ ಮನಸ್ಸು. ಹುಡುಗನ ಹೊಟ್ಟೆ ಮೇಲೆ ಹೊಡೀಬಾರ್ದು ಅಂತ ತನ್ನ ಮೇಲೆ ಎಳ್ಕೊಳ್ತಿದಾರೆ." ಉಳಿದವರೂ ತಲೆದೂಗಿದರು.

ಹೊಗಳಿಕೆ ಮೈಮೇಲೆ ಕೆಂಡ ಸುರಿದಂತಾಯಿತು. "ದೊಡ್ಡ ಮನಸ್ಸಲ್ಲ ಕೃಷ್ಣಪ್ಪನವ್ರೇ. ಬೋರ್ಡನ್ನ ತಗಡಿಗೆ ಬಿಗಿದವನು ನಾನು. ನಿಮ್ಮೆಲ್ಲರೆದುರು ಮುಖ ಉಳಿಸ್ಕೊಳ್ಳಕ್ಕೆ ಅವನನ್ನ ಮೋಸಗಾರ ಅಂದವನೂ ನಾನು. ಅವನು ಸರಿ ಮಾಡಿ, ನನ್ನ ಮಾನ ಹೋಗ್ಬಾರ್ದು ಅಂತ ತಪ್ಪು ತನ್ನ ಮೇಲೆ ಹಾಕ್ಕೊಂಡ. ಅದೂ ಗೊತ್ತಿದ್ದು ನಾನು ಸುಮ್ನಿದ್ದೆ."

ಈ ಸಲ ನಂಬಿದರು. ಎಲ್ಲರ ನೋಟವೂ ತಂತಮ್ಮ ತಟ್ಟೆಗೆ ಇಳಿಯಿತು. ಕೃಷ್ಣಪ್ಪ ಭುಜದ ಮೇಲಿದ್ದ ಕೈ ತೆಗೆದರು. ಜೇಬಿನಿಂದ ಫೋನ್ ತೆಗೆದು, ನಿಯಾಜ್ ನಂಬರ್ ಒತ್ತಿ, "ನೀವೇ ಹೇಳಿ" ಎಂದು ಅವರ ಮುಂದೆ ಹಿಡಿದರು.

ಶಾಂತವೀರಪ್ಪ ಹೇಳಿದರು. ಎಲ್ಲರೂ ಕೇಳುತ್ತಿರುವಾಗಲೇ, ಮೊದಲಿನಿಂದ ಹೇಳಿದರು. ಕಿಟಕಿಯಲ್ಲಿ ನಿಂತು ಕೇಳಿಸಿಕೊಂಡದ್ದನ್ನೂ ಬಿಡಲಿಲ್ಲ.

"ಯಾಕ್ ಹೇಳಕ್ ಹೋದ್ರಿ ಶಾಂತಣ್ಣ" ಎಂದ ಆ ಕಡೆಯಿಂದ ನಿಯಾಜ್. "ನಂದು ಇನ್ನೂ ಸಣ್ಣ ವಯಸ್ಸು. ಹೋದ ಹೆಸರು ಹೆಂಗೋ ಸಂಪಾದಿಸ್ಕೊತಿದ್ದೆ. ನೀವು ಇನ್ಯಾವಾಗ ಸಂಪಾದಿಸ್ತೀರಿ?"

ಶಾಂತವೀರಪ್ಪ ಫೋನನ್ನು ಕೃಷ್ಣಪ್ಪನವರ ಕೈಗೆ ಕೊಟ್ಟು, ಹೋಟೆಲಿನ ಹಿಂದಿನ ನಲ್ಲಿಯಲ್ಲಿ ಮುಖ ತೊಳೆಯಲು ಎದ್ದು ಹೋದರು.