ಮೋಡದಲ್ಲಿ ಹೆಸರು ಹಿಡಿದು ಕೂಗುವವರು

ಇನ್ನೂ ಬೆಳಕು ಹರಿದಿಲ್ಲ. ಒಮೆತೆಪೆ ದ್ವೀಪದ ಮದೇರಾಸ್ ಬೆಟ್ಟದ ಬುಡದಲ್ಲಿ, ಕಾಫಿ ತೋಟ ಮುಗಿದು ಕಾಡು ಶುರುವಾಗುವ ಕಡೆ, ದೋನ್ಯಾ ದೊಮಿತಿಲಾ ಪೊತೊಯ್, ಊರವರ ಬಾಯಲ್ಲಿ ದೋನ್ಯಾ ತಿಲಾ, ಬೇಲಿಗೆ ಒರಗಿ ನಿಂತಿದ್ದಾರೆ. ಸೊಂಟದಲ್ಲಿ ಮಚ್ಚು, ಹೆಗಲ ಚೀಲದಲ್ಲಿ ಸುಟ್ಟ ಬಾಳೆಕಾಯಿ. ಬೆಟ್ಟ ಹತ್ತಲು ಬಂದವರನ್ನೆಲ್ಲ ತಡೆದು ಕೇಳುವುದು ಒಂದೇ ಮಾತು.

“ನಿನ್ನ ಹೆಸರೇನಪ್ಪಾ?”

“ವೋಲ್ಫ್‌ಗಾಂಗ್,” ಎನ್ನುತ್ತಾನೆ ದೂರದೇಶದಿಂದ ಬಂದ ಯುವಕ.

“ಅಯ್ಯೋ, ಅಷ್ಟುದ್ದ ಕೂಗೋ ಹೊತ್ತಿಗೆ ನೀನು ಕೆರೆಗೆ ಬಿದ್ದಿರ್ತೀಯ. ನಿಮ್ಮಮ್ಮ ಮನೇಲಿ ಏನಂತ ಕರೀತಾಳೆ?”

“ವೋಲ್ಫಿ.”

“ಹಾಂ, ಇದು ಹೆಸರು. ಇದಕ್ಕೆ ನೀನು ತಿರುಗಿ ನೋಡ್ತೀಯ.”

ಹೆಸರನ್ನು ಬಾಯಲ್ಲೇ ಹೇಳಿಕೊಂಡು ಮುಂದಿನವರ ಕಡೆ ತಿರುಗುತ್ತಾರೆ. ಆಮೇಲೆ ಎಲ್ಲರಿಗಿಂತ ಮುಂದೆ ಹೊರಟು, ದಾರಿಗೆ ಅಡ್ಡ ಬಿದ್ದ ಕೊಂಬೆ ಕಡಿಯುತ್ತಾ, ಶಿಖರದ ಅಂಚಿಗೆ ಹೋಗಿ ಕೂರುತ್ತಾರೆ. ಮದೇರಾಸ್ ಜ್ವಾಲಾಮುಖಿಯಾದರೂ ಅದು ಬೆಂಕಿ ಉಗುಳಿದ್ದನ್ನು ಕಂಡವರು ಯಾರೂ ಇಲ್ಲ. ಅದರ ಬಾಯೊಳಗೆ ಈಗ ಕೆರೆಯಿದೆ. ಕೆರೆ ನೋಡಲು ಇಳಿದವರ ಮೇಲೆ ಮೋಡ ಕವಿದರೆ ತಮ್ಮ ಕೈ ತಮಗೇ ಕಾಣುವುದಿಲ್ಲ. ಆಗ ದೋನ್ಯಾ ತಿಲಾ ಎದ್ದು ನಿಂತು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೂಗುತ್ತಾರೆ. ದನಿ ಬಂದ ಕಡೆ ಹತ್ತಿದರೆ ದಾರಿ ಸಿಗುತ್ತದೆ.

ಕೂಗುವುದೇನು ಮಹಾ ಎನ್ನಬೇಡಿ. ನಮ್ಮ ದ್ವೀಪದಲ್ಲಿ ಬೆಟ್ಟದ ಮೇಲೆ ಯಾರೂ ಯಾರ ಹೆಸರನ್ನೂ ಎತ್ತುವುದಿಲ್ಲ. ಬೆಟ್ಟಕ್ಕೆ ಹೆಸರು ಗೊತ್ತಾದರೆ ಆ ಮನುಷ್ಯನನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ ಎಂಬ ಭಯ. ಗಂಡ ಹೆಂಡತಿ ಕೂಡ ಅಲ್ಲಿ “ಏ, ಇಲ್ಲಿ ಕೇಳು” ಅಂತಲೇ ಕರೆಯುವುದು. ನಾನೂ ಹಾಗೇ ಬೆಳೆದವಳು, ಈಗಲೂ ನಾಲಿಗೆ ತಡೆಯುತ್ತದೆ.

ಎಷ್ಟೋ ವರ್ಷಗಳ ಹಿಂದೆ ತಿಲಾ ಅವರ ತಮ್ಮ ಮಕಾರಿಯೊ ಜೇನು ಕೀಳಲು ಹೋಗಿ ಕಾಲು ಮುರಿದುಕೊಂಡು ಮೋಡದಲ್ಲಿ ಬಿದ್ದಿದ್ದಾಗ ಊರಿಗೆ ಊರೇ ಹುಡುಕಲು ಬೆಟ್ಟ ಹತ್ತಿತು. ಹೆಸರು ಕೂಗುವಂತಿಲ್ಲವಲ್ಲ, ತಗಡಿನ ಡಬ್ಬ ಬಡಿದರು. ಸಿಕ್ಕಾಗ ಇನ್ನೂ ಉಸಿರಿತ್ತು.

“ನನ್ನ ತೊಡೆ ಮೇಲೆ ತಲೆಯಿಟ್ಟು ಹೇಳಿದ. ‘ಡಬ್ಬದ ಸದ್ದು ಕೇಳ್ತಿತ್ತು ಅಕ್ಕಾ. ಜೋಳದ ಹೊಲದಲ್ಲಿ ಗಿಳಿ ಓಡಿಸ್ತಿದಾರೆ ಅಂದ್ಕೊಂಡೆ, ಓಗೊಡಲಿಲ್ಲ. ನನ್ನನ್ನೇ ಕರೀತಿದೀರಿ ಅಂತ ಗೊತ್ತಾಗ್ಲಿಲ್ಲ.’ ಅಷ್ಟು ಹೇಳಿ ಹೋಗ್ಬಿಟ್ಟ.” ತಿಲಾ ಚೀಲದಿಂದ ಬಾಳೆಕಾಯಿ ತೆಗೆದು ನನ್ನ ಕೈಗೆ ಕೊಡುತ್ತಾರೆ. “ನಾನೂ ಡಬ್ಬ ಬಡಿದವಳೇ.”

ಮಣ್ಣು ಮಾಡಿದ ಮಾರನೆಯ ವಾರವೇ ಅವರು ಬೆಟ್ಟ ಹತ್ತಿ ಕೂಗತೊಡಗಿದರು. “ಬೆಟ್ಟಕ್ಕೆ ಹೆಸರು ಉಣಿಸ್ತಾಳೆ ಮಾಟಗಾತಿ” ಎಂದು ಊರು ಬೈಯಿತು. ಅವರು ಕೂಗಿದವರೆಲ್ಲ ಇಳಿದು ಬಂದಮೇಲೆ ಬೈಗುಳ ನಿಂತಿತು. ಭಯ ಮಾತ್ರ ಹೋಗಲಿಲ್ಲ; ಇವತ್ತಿಗೂ ಅವರನ್ನು ಬಿಟ್ಟು ಇನ್ನೊಬ್ಬರು ಕೂಗುವುದಿಲ್ಲ. ಈಗ ಅವರ ಗಂಟಲು ಸೋಲುತ್ತಿದೆ. ಕೂಗಬೇಡಿ ಎಂದು ವೈದ್ಯರು ಖಡಾಖಂಡಿತವಾಗಿ ಹೇಳಿದ್ದಾರೆ.

“ನನ್ನ ದನಿ ಹೋದ ದಿನ ಇವರೆಲ್ಲ ಮತ್ತೆ ಡಬ್ಬ ತಗೋತಾರೆ ನೋಡು,” ಎನ್ನುತ್ತಾರೆ ತಿಲಾ. ಹೆದರಿಕೆ ಅವರಿಗಿರುವುದು ಅದೊಂದೇ.

ಶಿಖರದ ಅಂಚಿನಲ್ಲಿ ನಮ್ಮ ಪಕ್ಕದಲ್ಲೇ ಕೂತಿರುವ, ಬೆಟ್ಟದ ದಾರಿ ತೋರಿಸುವ ಹಿರಿಯ ದೋನ್ ಅನ್ಸೆಲ್ಮೊ ತಲೆ ತಗ್ಗಿಸುತ್ತಾರೆ. ಅಂದು ಹುಡುಕಾಟದ ಮುಂದಾಳು ಅವರೇ. “ನನ್ನ ಬಾಯಲ್ಲಿ ಹೆಸರು ಹೊರಡಲ್ಲ ಮಗಳೇ,” ಎಂದು ನನಗೆ ಹೇಳುತ್ತಾರೆ, “ಏನು ಮಾಡ್ಲಿ.”

ಮಧ್ಯಾಹ್ನ ಮೋಡ ಇಳಿಯುತ್ತದೆ. ತಿಲಾ ಎದ್ದು ನಿಂತು ಕೂಗುತ್ತಾರೆ: “ಓಫೇಲಿಯಾ...” ಕೆಳಗಿನಿಂದ ಓ ಎಂಬ ದನಿ. ಒಬ್ಬೊಬ್ಬರೇ ಕೆಸರು ಮೆತ್ತಿಕೊಂಡು ಮೇಲೆ ಬರುತ್ತಾರೆ. ಕೊನೆಗೆ ಉಳಿದವನು ವೋಲ್ಫಿ. ಅವನ ಹೆಸರಿನ ಅರ್ಧದಲ್ಲಿ ದನಿ ಕಟ್ಟಿ, ಬರೀ ಗಾಳಿ ಹೊರಡುತ್ತದೆ. ಆ ಅರ್ಧಕ್ಕೇ ಅವನು ಹತ್ತಿ ಬಂದ, ಸದ್ಯ.

ನಿಮಗೇನು ಬೇಕು ಎಂದು ತಿಲಾ ಅವರನ್ನು ಕೇಳುತ್ತೇನೆ. “ನನಗೇನು ಬೇಕು? ನಾನು ಇಳಿದು ಬಾರದ ದಿನ ಡಬ್ಬ ಬಡೀಬೇಡಿ. ಹೆಸರು ಹಿಡಿದು ಕೂಗಿ, ಸಾಕು.” ಪಿಸುಮಾತಷ್ಟೇ ಉಳಿದಿದೆ.

ಇಳಿಯುವಾಗ ಎಂದಿನಂತೆ ಅವರೇ ಎಲ್ಲರಿಗಿಂತ ಹಿಂದೆ. ಒಂದು ತಿರುವಿನಲ್ಲಿ ಅನ್ಸೆಲ್ಮೊ ಹೊರಳಿ ನೋಡಿದರೆ ಹಿಂದೆ ಬರೀ ಮೋಡ. ಕಾಯುತ್ತೇವೆ. ಯಾರೂ ಬರುವುದಿಲ್ಲ. ಅನ್ಸೆಲ್ಮೊ ಚೀಲದಿಂದ ಊಟದ ತಟ್ಟೆ ತೆಗೆದು, ಬಡಿಯಲು ಮಚ್ಚಿನ ಹಿಡಿ ಎತ್ತಿ, ಹಾಗೇ ನಿಂತುಬಿಡುತ್ತಾರೆ. ತಟ್ಟೆ ಮತ್ತೆ ಚೀಲ ಸೇರುತ್ತದೆ.

“ತಿಲಾ,” ಎನ್ನುತ್ತಾರೆ. ನನಗೇ ಸರಿಯಾಗಿ ಕೇಳಿಸದಷ್ಟು ಮೆಲ್ಲಗೆ. ಆಮೇಲೆ, ಕಣ್ಣು ಮುಚ್ಚಿ, “ತಿಲಾ!”

ಮೋಡದೊಳಗೆ, ಇಲ್ಲೇ ಹತ್ತಿರದಲ್ಲಿ, ಒಂದು ಒಡಕು ದನಿ.

“ಕೂತಿದೀನಪ್ಪಾ, ಮಂಡಿ ನೋವು. ಇನ್ನೊಂದ್ಸಲ ಕೂಗು ಅನ್ಸೆಲ್ಮೊ, ಗಟ್ಟಿಯಾಗಿ. ನಮ್ಮ ಮಕಾರಿಯೊಗೂ ಕೇಳ್ಲಿ.”